ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಜವರಣ್ಣ

ಜವರಣ್ಣ ಲಾರಿಯ ಕೆಳಗೆ ಅಡ್ಡಡ್ಡ ಮಲಗಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ಬೇರೆ ಮೆಕ್ಯಾನಿಕ್ಕುಗಳು ಚಕ್ರದ ಪಕ್ಕದಿಂದ ನುಸುಳಿ, ಸೊಂಟದಿಂದ ಮೇಲೆಲ್ಲ ಒಳಗೆ, ಕಾಲು ಮಾತ್ರ ಹೊರಗೆ ಚಾಚಿಕೊಂಡು ಕೆಲಸ ಮಾಡುತ್ತಾರೆ. ಇವರು ಮುಂದಿನ ಬಂಪರಿನ ಕೆಳಗೆ ತಲೆ ಹಾಕಿ, ಬೆನ್ನ ಮೇಲೇ ಜರುಗುತ್ತಾ ಹೋಗಿ, ಗಾಡಿಯ ಉದ್ದಕ್ಕೆ ನಟ್ಟನಡುವೆ ಮಲಗುತ್ತಿದ್ದರು. ಎಡಗಡೆಯ ಚಕ್ರಕ್ಕೂ ಬಲಗಡೆಯ ಚಕ್ರಕ್ಕೂ ಅವರ ಮೈಯಿಂದ ಅಳೆದಂತೆ ಒಂದೇ ದೂರ. ಒಳಗೆ ಹೋಗುವ ಮೊದಲು ಲಾರಿಗೆ ಒಂದು ಸುತ್ತು ಬರುತ್ತಿದ್ದರು. ತಾವೇ ಆರಿಸಿದ ಕಲ್ಲನ್ನು ಚಕ್ರದ ಹಿಂದೆ ಇಟ್ಟು, ಹಿಮ್ಮಡಿಯಿಂದ ಒದ್ದು, ಇನ್ನೂ ಒಮ್ಮೆ ಒದ್ದು, ಆಮೇಲೆ ಬೀಗದ ಕೈ ಕೇಳಿ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮಣ್ಣ ಮಾದೇವನಿಗೆ ಇದನ್ನು ನೋಡಿದರೆ ನಗು. ಪೂಜೆ ಮುಗಿಯಿತೇ, ಇನ್ನು ಕೆಲಸ ಶುರು ಮಾಡಬಹುದೇ ಎಂದು ಕೇಳುತ್ತಿದ್ದ. ಜವರಣ್ಣ ನಗುತ್ತಿರಲಿಲ್ಲ.

ಅವರು ಮದ್ದೂರು ತಾಲೂಕಿನ ಆತಗೂರಿನವರು. ಹಿಂದೆ ಮದ್ದೂರಿನ ಒಂದು ಗ್ಯಾರೇಜಿನಲ್ಲಿದ್ದರಂತೆ. ಅದನ್ನು ಬಿಟ್ಟ ಮೇಲೆ ಮೊಪೆಡ್ಡಿನ ಹಿಂದೆ ಸಾಮಾನಿನ ಗೋಣಿಚೀಲ ಕಟ್ಟಿಕೊಂಡು, ಕರೆದವರ ಮನೆಗೇ ಬಂದು ಲಾರಿ, ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದರು. ಕಬ್ಬು ಕಟಾವಿನ ಕಾಲದಲ್ಲಿ ನಮ್ಮಂಥವರಿಗೆ ಅದು ದೊಡ್ಡ ಅನುಕೂಲ. ನಮ್ಮ ಊರು ಕೊತ್ತತ್ತಿಯ ಹತ್ತಿರ. ಅಣ್ಣ ತನ್ನ ಹಳೇ ಲಾರಿಯಲ್ಲಿ ಸುತ್ತಲಿನ ಗದ್ದೆಗಳ ಕಬ್ಬನ್ನು ಭಾರತೀನಗರದ ಫ್ಯಾಕ್ಟರಿಗೆ ಹೊಡೆಯುತ್ತಾನೆ. ನಾನು ಅದೇ ಭಾರತೀನಗರದಲ್ಲಿ ಹೈಸ್ಕೂಲು ಮೇಷ್ಟ್ರು, ಲೆಕ್ಕ ಹೇಳಿಕೊಡುವವನು.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆಗೆ ಶಾಫ್ಟು ಎನ್ನುತ್ತಾರೆ. ಅದು ಬಾಗಿ ಬಳುಕಿ ತಿರುಗಲೆಂದು ಅದರ ಕೀಲುಗಳಲ್ಲಿ ಕೂಡುವ ಗುರುತಿನ ಆಕಾರದ ಒಂದೊಂದು ತುಂಡು ಇರುತ್ತದೆ, ಅದೇ ಕ್ರಾಸು. ಕಬ್ಬು ತುಂಬಿದ ಲಾರಿ ಕೆಸರು ಗದ್ದೆಯಿಂದ ಮೇಲೆ ಹತ್ತುವಾಗ ಮೊದಲು ಸವೆಯುವುದು ಈ ಕ್ರಾಸು. ಗಾಡಿ ಹೊರಡುವಾಗ ಕೆಳಗಿನಿಂದ ಕಟಕ್ ಎಂದು ಸದ್ದು ಬಂದರೆ ಅಣ್ಣ ಆತಗೂರಿಗೆ ಫೋನು ಮಾಡುತ್ತಿದ್ದ.

ಮುರಿದು ಹೋಯಿತು ಎಂದು ಯಾರಾದರೂ ಅಂದರೆ ಜವರಣ್ಣ ತಿದ್ದುತ್ತಿದ್ದರು. "ಮುರ್ದಿಲ್ಲ ಕಣಪ್ಪಾ, ಒಣಗದೆ. ಗ್ರೀಸ್ ಕೊಡ್ದೆ ಒಣಗ್ಸಿದ್ದೀಯ." ಶಾಫ್ಟು ಬಿಚ್ಚುವ ಮುಂಚೆ ಕೀಲಿನ ಎರಡೂ ಭಾಗಗಳ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆಯುತ್ತಿದ್ದರು. ಮತ್ತೆ ಜೋಡಿಸುವಾಗ ಆ ಗೆರೆ ಕೂಡದಿದ್ದರೆ ಗಾಡಿ ಅದುರುತ್ತದಂತೆ. ಸೀಮೆಸುಣ್ಣ ಮುಗಿದರೆ ನನ್ನನ್ನು ಕೇಳುತ್ತಿದ್ದರು, ಶಾಲೆಯಿಂದ ತರಬೇಡಿ, ಅಂಗಡಿಯಿಂದ ತನ್ನಿ ಎಂದೂ ಹೇಳುತ್ತಿದ್ದರು. ಕ್ರಾಸಿನ ನಾಲ್ಕು ತುದಿಗೂ ಒಂದೊಂದು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಸಣ್ಣ ಸಣ್ಣ ರೋಲರುಗಳು. ಒಂದು ಅಡ್ಡ ಬಿದ್ದರೂ ಹೊಸ ಕ್ರಾಸು ವಾರದೊಳಗೆ ಹಾಳು. ಒಂದು ಸಲ ಅವನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ನಮ್ಮವ್ವನನ್ನು ಅಗಲದ ತಟ್ಟೆ ಕೇಳಿದರು. ಅವ್ವ ಏನೋ ಎಂದುಕೊಂಡು ಊಟದ ತಟ್ಟೆ ಕೊಟ್ಟಳು. ಆಮೇಲೆ ಎರಡು ದಿನ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿದರೂ ವಾಸನೆ ಬಿಡಲಿಲ್ಲ. ಮುಂದಿನ ಸಲ ಜವರಣ್ಣ ಬಂದಾಗ ಹೊಸದೊಂದು ಸ್ಟೀಲಿನ ತಟ್ಟೆಯನ್ನು ಅವ್ವನ ಕೈಗಿಟ್ಟರು. ಹಳೆಯದನ್ನು ಚೀಲಕ್ಕೆ ಹಾಕಿಕೊಂಡರು.

ಈಗ ಹೇಳಬೇಕಾದದ್ದು ಒಂದು ಭಾನುವಾರದ ವಿಷಯ.

ನಮ್ಮ ಮನೆಯ ಅಂಗಳ ರಸ್ತೆಯ ಕಡೆಗೆ ಇಳಿಜಾರು. ರಸ್ತೆ ದಾಟಿದರೆ ಒಂದು ಪಕ್ಕ ತಿಪ್ಪೆ, ಇನ್ನೊಂದು ಪಕ್ಕ ನಾಲೆಯ ಸೋಪಾನ. ಅಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ. ಲಾರಿ ಮನೆಯ ಕಡೆ ಮುಖ ಮಾಡಿ ನಿಂತಿತ್ತು. ಜವರಣ್ಣ ಹಿಂದಿನ ಎರಡೂ ಬದಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಎಂದಿನಂತೆ ಒದ್ದು ನೋಡಿ, ಕೆಳಗೆ ಜರುಗಿ ಹೋಗಿದ್ದರು. ಅಣ್ಣ ಒಳಗೆ ಊಟಕ್ಕೆ ಕೂತಿದ್ದ. ನನಗೆ ಮಂಡ್ಯದಲ್ಲಿ ಒಂದು ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಯ ಕೆಲಸವಿತ್ತು. ಹೊತ್ತಾಗಿತ್ತು. ನನ್ನ ಬೈಕು ಗೋಡೆಗೂ ಲಾರಿಗೂ ನಡುವಿನ ಸಂದಿಯಲ್ಲಿತ್ತು. ಹೊರಗೆ ತರಬೇಕೆಂದರೆ ಎಡಗಡೆಯ ಕಲ್ಲು ಅಡ್ಡ.

ಕೇಳಬೇಕಿತ್ತು. ಕೇಳಿದರೆ ಅವರು ಹೊರಗೆ ಬಂದು, ಮತ್ತೆ ಒಂದು ಸುತ್ತು ಹೊಡೆದು, ಮತ್ತೆ ಒದ್ದು, ಇದಕ್ಕೆಲ್ಲ ಕಾಲು ಗಂಟೆ. ಗೇರಿನಲ್ಲಿದೆ, ಹ್ಯಾಂಡ್‌ಬ್ರೇಕೂ ಹಾಕಿದೆ, ಇನ್ನೊಂದು ಕಲ್ಲೂ ಇದೆ ಎಂದುಕೊಂಡೆ. ಬಗ್ಗಿ ಕಲ್ಲನ್ನು ಎಳೆದರೆ ಅದು ಸಲೀಸಾಗಿ ಬಂತು. ಇಷ್ಟು ಸಡಿಲವಾಗಿರುವ ಕಲ್ಲಿಗೆ ಇಷ್ಟೆಲ್ಲ ಆಡಂಬರವೇ ಎಂದು ನನಗೆ ಅನ್ನಿಸಿದ್ದು ಇಂದಿಗೂ ನೆನಪಿದೆ. ಆ ಹೊತ್ತಿನಲ್ಲಿ ಲಾರಿಯನ್ನು ಹಿಡಿದಿದ್ದದ್ದು ಆ ಶಾಫ್ಟು. ಗೇರೂ ಅದರ ಮೂಲಕವೇ ಚಕ್ರವನ್ನು ಹಿಡಿಯುವುದು. ನಮ್ಮ ಹಳೇ ಲಾರಿಯಲ್ಲಿ ಹ್ಯಾಂಡ್‌ಬ್ರೇಕು ಕೂಡ ಗೇರ್‌ಬಾಕ್ಸಿನ ಹಿಂದೆಯೇ ಇದ್ದದ್ದರಿಂದ ಅದೂ ಹಾಗೆಯೇ. ಶಾಫ್ಟು ಕಳಚಿದ ಮೇಲೆ ಲಾರಿಗೆ ಕಲ್ಲುಗಳಲ್ಲದೆ ಬೇರೆ ಆಸರೆ ಇಲ್ಲ. ಇದು ನನಗೆ ಗೊತ್ತಿರಲಿಲ್ಲ.

ಬೈಕನ್ನು ನಾಲ್ಕು ಹೆಜ್ಜೆ ತಳ್ಳಿದ್ದೆ. ಕೆಳಗಿನಿಂದ ಜವರಣ್ಣ ಮುಲುಗಿದ್ದು ಕೇಳಿಸಿತು. ಆಮೇಲೆ "ಬಂತು" ಎಂದರು. ಕೊನೆಯ ಬೋಲ್ಟು ಬಿಚ್ಚಿ ಶಾಫ್ಟನ್ನು ಎದೆಯ ಮೇಲೆ ಇಳಿಸಿಕೊಂಡಿದ್ದರು. ಲಾರಿ ಒಮ್ಮೆ ಕಿರ್ರೆಂದಿತು. ಬಲಗಡೆಯ ಕಲ್ಲು ಇದ್ದದ್ದು ನಲ್ಲಿಯ ನೀರು ಹರಿದು ನೆನೆದ ಮಣ್ಣಿನ ಮೇಲೆ. ಅದು ಮೆಲ್ಲಗೆ ಮಣ್ಣಿನೊಳಗೆ ಕೂತಿತು. ಚಕ್ರ ಅದರ ಮೇಲೆ ಹತ್ತಿ ಇಳಿಯಿತು.

ನಾನು ಬೈಕು ಬಿಟ್ಟು ಕಲ್ಲನ್ನು ಎತ್ತಿಕೊಂಡೆ. ಅಷ್ಟರಲ್ಲಿ ಹಿಂದಿನ ಚಕ್ರ ನನ್ನನ್ನು ದಾಟಿ ಹೋಗಿತ್ತು. ಕಲ್ಲು ಕೈಯಲ್ಲಿ ಹಿಡಿದು ನಿಂತೆ. ಲಾರಿಯ ಕೆಳಗಿನ ನೆರಳಿನಲ್ಲಿ ಜವರಣ್ಣ ಎರಡೂ ಕೈಯಿಂದ ಶಾಫ್ಟನ್ನು ಎದೆಯಿಂದ ಪಕ್ಕಕ್ಕೆ ಉರುಳಿಸಿದ್ದು ಕಂಡಿತು. ಆಮೇಲೆ ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಮುಖವನ್ನು ಒಂದು ಕಡೆಗೆ ತಿರುಗಿಸಿ, ಅಲುಗಾಡದೆ ಮಲಗಿದರು. ಮುಂದಿನ ಆಕ್ಸಲು ಅವರ ಕಾಲಿನ ಕಡೆಯಿಂದ ಬರುತ್ತಿತ್ತು. ಮೊಣಕಾಲು ದಾಟಿತು. ಹೊಟ್ಟೆಯ ಹತ್ತಿರ ಅಂಗಿ ಸಿಕ್ಕಿ ಪರ್ರೆಂದು ಹರಿಯಿತು. ಎದೆ, ಆಮೇಲೆ ತಲೆ. ನೋಡುತ್ತಿದ್ದಂತೆ ಅವರ ಮೇಲೆ ಲಾರಿ ಇರಲಿಲ್ಲ. ಅಂಗಳದ ನಡುವೆ ಬಿಸಿಲಿನಲ್ಲಿ ಅಂಗಾತ ಮಲಗಿದ್ದರು.

ಅಣ್ಣ ಎಂಜಲು ಕೈಯಲ್ಲೇ ಓಡಿ ಬಂದು ಕ್ಯಾಬಿನ್ನಿಗೆ ಹಾರಿದ. ಬ್ರೇಕು ತುಳಿದರೆ, ಎಂಜಿನ್ನು ನಿಂತು ಬ್ರೇಕಿನ ಗಾಳಿ ಇಳಿದು ಹೋಗಿ ಪೆಡಲು ಸುಮ್ಮನೆ ಕೆಳಗಿಳಿಯಿತಂತೆ. ಸ್ಟಿಯರಿಂಗಿಗೆ ಮೈಯೆಲ್ಲ ಹಾಕಿ ತಿರುಗಿಸಿದ. ನಾಲೆಯ ಸೋಪಾನದಲ್ಲಿದ್ದ ಹೆಂಗಸರು ಬಟ್ಟೆ ಬಿಟ್ಟು ಎದ್ದು ಓಡಿದರು. ಲಾರಿ ರಸ್ತೆ ದಾಟಿ, ಸೋಪಾನಕ್ಕೆ ಒಂದು ಮಾರು ಈಚೆಗೆ, ತಿಪ್ಪೆಯೊಳಗೆ ಹಿಂಭಾಗ ತೂರಿಸಿ ನಿಂತಿತು.

ಅಣ್ಣ ವಾಪಸು ಬರುವಷ್ಟರಲ್ಲಿ ಜವರಣ್ಣ ಎದ್ದು ಕೂತಿದ್ದರು. ಎದೆಯ ಮೇಲೆ ಉದ್ದಕ್ಕೆ ಗೀರಿ ರಕ್ತ ಜಿನುಗುತ್ತಿತ್ತು. ಅವರು ನನ್ನ ಕೈಯಲ್ಲಿದ್ದ ಕಲ್ಲನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಕಲ್ಲನ್ನು ಕೆಳಗೆ ಹಾಕಿದೆ.

"ಕಲ್ಲು ಯಾರು ತೆಗ್ದೋರು?" ಎಂದು ಅಣ್ಣ ಕೇಳಿದ.

"ಯಾರೂ ತೆಗೀನಿಲ್ಲ ಕಣಪ್ಪಾ," ಜವರಣ್ಣ ಹೇಳಿದರು. "ನಾನೇ ಸರ್ಯಾಗಿ ಕೊಟ್ಟಿರ್ನಿಲ್ಲ. ಮಣ್ಣು ಮೆತ್ಗಿತ್ತು, ನೋಡ್ಕಳ್ನಿಲ್ಲ. ನಂದೇ ತಪ್ಪು."

ಅಣ್ಣ ಅವರಿಗೆ ಬಯ್ದ. ಹೆದರಿದವನ ಬೈಗುಳ ಅದು, ಆದರೂ ಬೈಗುಳವೇ. ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ, ಹೆಂಗಸರು ಸತ್ತಿದ್ದರೆ ಯಾರು ಜವಾಬ್ದಾರಿ, ಇನ್ನು ಮೇಲೆ ನನ್ನ ಗಾಡಿ ಮುಟ್ಟಬೇಡ ಎಂದ. ಜವರಣ್ಣ ತಲೆ ಬಗ್ಗಿಸಿ ಕೇಳಿಸಿಕೊಂಡರು. ಹರಿದ ಅಂಗಿಯ ಮೇಲೆ ಟವೆಲು ಹೊದ್ದು, ಬೀಗದ ಕೈಯನ್ನು ಜಗುಲಿಯ ಮೇಲಿಟ್ಟು, ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟರು. ನಾನು ಅಲ್ಲೇ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ಆಮೇಲೆ ಬೈಕು ಎತ್ತಿಕೊಂಡು ಮಂಡ್ಯಕ್ಕೆ ಹೋಗಿ, ಮೂರು ಗಂಟೆ ಕೊಠಡಿಯಲ್ಲಿ ಅತ್ತಿಂದಿತ್ತ ನಡೆದಾಡಿ ಬಂದೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಆತಗೂರಿಗೆ ಹೋದೆ. ಜವರಣ್ಣ ಮನೆಯ ಮುಂದೆ ಕೂತು ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ನಾನು ಬಂದ ಕಾರಣ ಅವರಿಗೆ ಗೊತ್ತಿತ್ತು. ಹೆಂಡತಿಯನ್ನು ಕಾಫಿಗೆ ಒಳಗೆ ಕಳಿಸಿದರು. ನನ್ನ ತಪ್ಪನ್ನು ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರು ಒರೆಸಿ ಕೆಳಗಿಟ್ಟರು.

ಆಮೇಲೆ ಮದ್ದೂರಿನ ಗ್ಯಾರೇಜಿನ ವಿಷಯ ಹೇಳಿದರು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮಳವಳ್ಳಿಯ ಕೆಂಪರಾಜು ಒಂದು ಲಾರಿಯ ಕೆಳಗೆ ಅಡ್ಡ ಮಲಗಿ ಶಾಫ್ಟು ಬಿಚ್ಚುತ್ತಿದ್ದ. ಪಕ್ಕದ ಗಾಡಿಗೆ ಜಾಕು ಕೊಡಲು ಜವರಣ್ಣನಿಗೆ ಒಂದು ಕಲ್ಲು ಬೇಕಿತ್ತು. ಕೆಂಪರಾಜುವಿನ ಲಾರಿಯ ಚಕ್ರದಿಂದ ತೆಗೆದುಕೊಂಡರು. ಒಂದು ಗಳಿಗೆಯಲ್ಲಿ ವಾಪಸು ಇಟ್ಟರಾಯಿತು ಎಂದುಕೊಂಡರು. ಅಷ್ಟರಲ್ಲಿ ಲಾರಿ ಜರುಗಿತ್ತು. ಚಕ್ರ ಕೆಂಪರಾಜುವಿನ ಸೊಂಟದ ಮೇಲೆ ಹತ್ತಿತ್ತು. ಜೀವ ಉಳಿಯಿತು, ಕಾಲು ಎರಡೂ ಹೋದವು.

"ಕಲ್ಲು ಜಾರ್ತು ಅಂದ್ರು ಎಲ್ರೂವೆ," ಎಂದರು ಜವರಣ್ಣ. "ನಾನೂ ಊಂ ಅಂದೆ. ಅವತ್ತಿಂದ ಸೋಮ್ವಾರ ಸೋಮ್ವಾರ ಅವ್ನ ಮನೇಗ್ ಓಯ್ತೀನಿ. ಗಡ್ಡ ಮಾಡ್ತೀನಿ, ಸ್ನಾನ ಮಾಡುಸ್ತೀನಿ. ಇವತ್ತು ಹೇಳ್ಬುಡಾನ ಅಂತ್ಲೇ ಓಗಾದು, ಹೇಳ್ದೆ ಬರಾದು. ನಿನ್ನೆ ನಿಮ್ ಮಕ ನೋಡ್ದಾಗ ನನ್ನೇ ನೋಡ್ದಂಗಾಯ್ತು ಮೇಷ್ಟ್ರೇ. ನನ್ ಬಾಯ್ಗೆ ಬಂದ್ಬುಡ್ತು, ಅಂದ್ಬುಟ್ಟೆ. ಆದ್ರೆ ನೀವು ಹೇಳ್ಬುಡಿ. ಇವತ್ತೇ ಹೇಳಿ. ಹೊತ್ತಾದಂಗೆಲ್ಲ ಆಗಾಕಿಲ್ಲ ಅದು."

ಅವತ್ತು ಸೋಮವಾರವೇ. ಬೆಳಿಗ್ಗೆ ಮಳವಳ್ಳಿಗೆ ಹೋಗಿ ಬಂದಿದ್ದರು.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ತಿಪ್ಪೆಯಿಂದ ಎಳೆಸಿದ ಲಾರಿಯನ್ನು ತೊಳೆಯುತ್ತಿದ್ದ. ಪೂರ್ತಿ ಕೇಳಿದ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ನೀರಿನ ಪೈಪನ್ನು ಕೆಳಗೆ ಹಾಕಿ ಒಳಗೆ ಹೋದ. ಬೆಳಿಗ್ಗೆ ನಾನು ಏಳುವ ಮುಂಚೆಯೇ ಆತಗೂರಿಗೆ ಹೋಗಿ ಜವರಣ್ಣನನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ಅಲ್ಲಿ ಏನು ಮಾತಾಡಿದರೋ ಇಬ್ಬರೂ ಹೇಳಲಿಲ್ಲ. ಜವರಣ್ಣ ಲಾರಿಗೆ ಒಂದು ಸುತ್ತು ಬಂದರು. ಕಲ್ಲು ಕೊಟ್ಟರು. ಆ ದಿನ ಅಣ್ಣ ಊಟಕ್ಕೂ ಏಳದೆ ಚಕ್ರದ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದ. ಹೊಸ ಕ್ರಾಸಿನ ನಾಲ್ಕೂ ಬಟ್ಟಲಿನಿಂದ ಗ್ರೀಸು ಹೊರಗೆ ಇಣುಕುವವರೆಗೆ ಕೂತಿದ್ದ. ನನ್ನ ಜೊತೆ ಮಾತ್ರ ಆ ಸೀಸನ್ನು ಮುಗಿಯುವವರೆಗೆ ಮಾತು ಬಿಟ್ಟ. ಯುಗಾದಿಯ ದಿನ ಬೇವುಬೆಲ್ಲ ಕೊಟ್ಟು, ತಗೋ ಎಂದ. ಅಲ್ಲಿಗೆ ಮುಗಿಯಿತು.

ಅದೇ ವರ್ಷ ದಸರಾ ರಜೆಯಲ್ಲಿ ಜವರಣ್ಣ ಫೋನು ಮಾಡಿದರು. ನಾಳೆ ಮಳವಳ್ಳಿಗೆ ನೀವೂ ಬನ್ನಿ, ನೀವು ಎದುರಿಗಿದ್ದರೆ ಹೇಳಿಬಿಡುತ್ತೇನೆ ಎಂದರು. ನನ್ನನ್ನು ಭಾರತೀನಗರದಲ್ಲಿ ಹತ್ತಿಸಿಕೊಂಡರು. ಮೊಪೆಡ್ಡಿನ ಹಿಂದೆ ಕೂತು ಹೋದೆ.

ಕೆಂಪರಾಜು ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಯಾರದೋ ಅಂಗಿಗಳ ಗುಡ್ಡೆ. ಮಳವಳ್ಳಿಯ ದರ್ಜಿಗಳು ಕಳಿಸಿದ ಬಟ್ಟೆಗೆ ಕಾಜಾ, ಗುಂಡಿ ಹಾಕುವುದು ಅವರ ಕೆಲಸ. ಜೊತೆಯಲ್ಲಿ ಅವರ ಅಕ್ಕ ಒಬ್ಬಳೇ. ಮೇಷ್ಟ್ರು ಎಂದು ನನ್ನ ಪರಿಚಯ ಹೇಳಿದಾಗ ಕೂರಲು ಜಾಗ ಮಾಡಿಕೊಟ್ಟರು. ಜವರಣ್ಣ ಬಿಸಿನೀರು ತಂದು, ಕೊರಳಿಗೆ ಟವೆಲು ಸುತ್ತಿ, ಸೋಪು ಹಚ್ಚಿ, ಗಡ್ಡ ಹೆರೆಯಲು ಶುರು ಮಾಡಿದರು. ಬೋಲ್ಟು ಬಿಚ್ಚುವ ಆ ಒರಟು ಕೈ ಅಷ್ಟು ಹಗುರವಾಗಿ ಓಡಾಡುವುದನ್ನು ನಾನು ನೋಡಿರಲಿಲ್ಲ. ಗಂಟಲ ಹತ್ತಿರ ಬಂದಾಗ ಕೈ ನಿಂತಿತು.

"ಕೆಂಪ," ಎಂದರು.

"ಏನ್ಲಾ."

"ಅವತ್ತು ಗ್ಯಾರೇಜ್ನಲ್ಲಿ..."

ಹೊರಗೆ ಬಸ್ಸೊಂದು ಹಾದುಹೋಯಿತು. ರೇಜರಿನ ಅಲಗಿನ ಮೇಲಿದ್ದ ಸೋಪಿನ ನೊರೆ ಟವೆಲಿನ ಮೇಲೆ ಬಿತ್ತು. ನಾನು ನೆಲ ನೋಡುತ್ತಾ ಕೂತಿದ್ದೆ.

ಕೆಂಪರಾಜು ಕಣ್ಣು ತೆರೆಯಲಿಲ್ಲ. "ಗ್ಯಾರೇಜ್ ಸುದ್ದಿ ಬುಡ್ಲಾ," ಎಂದರು. "ಮೀಸೆ ಸರಿಯಾಗ್ ಕತ್ರುಸು. ವೋದ್ವಾರ ಒಂದ್ಕಡೆ ಎತ್ಬುಟ್ಟಿದ್ದೆ, ಅಕ್ಕ ವಾರವೆಲ್ಲ ನಗ್ತಿದ್ಲು."

ಜವರಣ್ಣ ಮೀಸೆ ಕತ್ತರಿಸಿದರು. ವಾಪಸು ಬರುವಾಗ ಭಾರತೀನಗರದಲ್ಲಿ ನನ್ನನ್ನು ಇಳಿಸಿ, ಮುಂದಿನ ವಾರ ಹೇಳುತ್ತೇನೆ ಎಂದರು. ಆಮೇಲೆ ಎರಡು ವರ್ಷ ಬದುಕಿದ್ದರು. ಮನೆಗೆ ಬಂದಾಗಲೆಲ್ಲ ನಾನು ಮುಖ ನೋಡುತ್ತಿದ್ದೆ. ಅವರು ಇಲ್ಲ ಎಂದು ತಲೆಯಾಡಿಸುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ತಮ್ಮ ಊರಿನಲ್ಲೇ ಒಂದು ಟ್ರ್ಯಾಕ್ಟರಿನ ಕೆಲಸ ಮುಗಿಸಿ, ಕೈ ತೊಳೆಯಲು ಬಗ್ಗಿದವರು ಏಳಲಿಲ್ಲ. ಎದೆನೋವು ಎಂದರು. ಅಣ್ಣ ಲೋಡಾದ ಲಾರಿಯನ್ನು ಫ್ಯಾಕ್ಟರಿಯ ಮುಂದೆ ಬೇರೆಯವರಿಗೆ ಒಪ್ಪಿಸಿ ಮಣ್ಣಿಗೆ ಬಂದ. ಅಲ್ಲಿದ್ದವರಲ್ಲಿ ಕೆಂಪರಾಜುವಿನ ಹೆಸರು ಗೊತ್ತಿದ್ದವನು ನಾನೊಬ್ಬನೇ. ಸೋಮವಾರ ಎಲ್ಲಿಗೆ ಹೋಗುತ್ತಿದ್ದರು ಎಂಬುದು ಅವರ ಹೆಂಡತಿಗೂ ಗೊತ್ತಿರಲಿಲ್ಲ. ಮಳವಳ್ಳಿಯಲ್ಲಿ ಯಾವುದೋ ಖಾಯಂ ಕೆಲಸ ಎಂದುಕೊಂಡಿದ್ದರು.

ಸೋಮವಾರ ರಜೆ ಹಾಕಿ ಮಳವಳ್ಳಿಯ ಬಸ್ಸು ಹತ್ತಿದೆ. ಹೇಗೆ ಹೇಳಬೇಕು ಎಂದು ದಾರಿಯಲ್ಲಿ ಮನಸ್ಸಿನಲ್ಲೇ ಮೂರು ನಾಲ್ಕು ಥರ ಜೋಡಿಸಿದೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಕೆಂಪರಾಜು ಸೂಜಿಯನ್ನು ಅಂಗಿಗೆ ಚುಚ್ಚಿ ಪಕ್ಕಕ್ಕಿಟ್ಟರು. "ಬನ್ನಿ ಮೇಷ್ಟ್ರೇ. ಅವ್ನು ಗಾಡಿ ನಿಲ್ಲುಸ್ತಾವ್ನಾ?" ಎಂದು ನನ್ನ ಹಿಂದೆ ನೋಡಿದರು.

ಜೋಡಿಸಿಕೊಂಡಿದ್ದೆಲ್ಲ ಮರೆತು ಹೋಯಿತು. ಜವರಣ್ಣ ಶನಿವಾರ ತೀರಿಕೊಂಡರು ಎಂದಷ್ಟೇ ಹೇಳಿದೆ. ಅವರು ಬಾಗಿಲ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಒಳಗಿಂದ ಅಕ್ಕ ಬಂದು, ವಿಷಯ ಕೇಳಿ, ಗೋಡೆ ಹಿಡಿದು ನಿಂತಳು. ಆಮೇಲೆ ಕೆಂಪರಾಜು ಮಾತಾಡಿದರು.

"ಅವ್ನು ಕಲ್ಲು ತೆಗ್ದಿದ್ದು ನಂಗೊತ್ತಿತ್ತು."

ನಾನು ಮಂಚದ ತುದಿಗೆ ಕೂತೆ.

"ನಾನ್ ಕೆಳಗ್ ಮಲಗಿದ್ನಲ್ಲ, ಅವ್ನ್ ಕಾಲು ಕಾಣ್ತಿತ್ತು. ಬಗ್ಗಿ ಎತ್ಕಂಡ್ ಓಗಿದ್ದೂ ಕಾಣುಸ್ತು. ಇಟ್ಟಾನು ಅನ್ಕಂಡೆ. ಆಸ್ಪತ್ರೇಲಿ ಅವ್ನ್ ಬಂದು ಮಂಚದ್ ತಾವ ನಿಂತಾಗ ಬಯ್ಬೇಕು ಅಂತ್ಲೇ ಇದ್ದೆ. ಅವ್ನ್ ಮಕ ನೋಡಿ ಬಾಯ್ ಬರ್ನಿಲ್ಲ. ಆಮೇಕೆ ಸೋಮ್ವಾರ ಬರಾಕ್ ಸುರು ಮಾಡ್ದ. ಹೇಳ್ಬುಟ್ರೆ ಬರಾದ್ ನಿಲ್ಲುಸ್ಬುಟ್ಟಾನು ಅನ್ನುಸ್ತು ನಂಗೆ. ಅವ್ನು ಬಾಯ್ ತೆಗ್ದಾಗೆಲ್ಲ ನಾನೇ ಮಾತು ತಿರುಗುಸ್ತಿದ್ದೆ."

ಅಕ್ಕ ನೀರು ತಂದುಕೊಟ್ಟಳು. ಅವರು ಕುಡಿಯಲಿಲ್ಲ.

"ನಂಗೊತ್ತಿಲ್ಲ ಅನ್ಕಂಡೇ ಓದ್ನಾ ಮೇಷ್ಟ್ರೇ?"

ಸುಳ್ಳು ಹೇಳಬಹುದಿತ್ತು. ನಿಮಗೆ ಗೊತ್ತು ಎಂಬುದು ಅವರಿಗೆ ಗೊತ್ತಿತ್ತು ಎಂದರೆ ಪರೀಕ್ಷಿಸುವವರು ಯಾರೂ ಇರಲಿಲ್ಲ. ಹೌದು ಎಂದೆ.

ಕೆಂಪರಾಜು ತೊಡೆಯ ಮೇಲಿದ್ದ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಪಕ್ಕಕ್ಕೆ ಇಡತೊಡಗಿದರು. ಕೊನೆಯ ಅಂಗಿ ಮಡಿಸಲು ಆಗಲಿಲ್ಲ. ಅದನ್ನು ಮುಖಕ್ಕೆ ಒತ್ತಿಕೊಂಡರು.

"ಹೇಳ್ಬೇಕಾಗಿದ್ದೋನು ನಾನು," ಎಂದರು.